ಗ್ರಾಫಿನಲ್ಲಿ ಜಾಗವೇ ಉಳಿಯದಿದ್ದಾಗ: ಅಸಮತೆಗಳು, ಟ್ಯಾಂಕರ್ ನೀರು, ಕಾವೇರಿ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಆಫೀಸ್ ಕ್ಯಾಬಿನಲ್ಲಿ ಕೂತು ಓದೋರಿಗೆ, ಎಂದಿನಂತೆ ಈ ವಾರದ ಮಾತಿನ ಬರಹರೂಪ ಇದು. ವಿಡಿಯೋದಲ್ಲಿ ಬೋರ್ಡಿನ ಮೇಲೆ ಎಳೆದ ಗೆರೆಗಳನ್ನ ಇಲ್ಲಿ ಮಾತಿನಲ್ಲೇ ಹೇಳಿದ್ದೀನಿ. ಒಂದು ಹಾಳೆ, ಪೆನ್ಸಿಲ್, ಸ್ಕೇಲ್ ಪಕ್ಕದಲ್ಲಿಟ್ಟುಕೊಂಡು ಓದಿದರೆ ಚೆನ್ನಾಗಿ ಹಿಡಿಸುತ್ತೆ.

ಮನೆಯಲ್ಲಿ ಹನ್ನೆರಡನೇ ಕ್ಲಾಸಿನ ಮಕ್ಕಳಿರೋ ಕೆಲವರು ಕೇಳಿದ್ದರು: ಲೀನಿಯರ್ ಪ್ರೋಗ್ರಾಮಿಂಗ್ ಪಾಠದಲ್ಲಿ ಅಸಮತೆಗಳ ಗ್ರಾಫ್ ಬರುತ್ತೆ, ಯಾವ ಕಡೆ ಶೇಡ್ ಮಾಡಬೇಕು ಅಂತ ಮಗ ಪ್ರತಿ ಸಲ ಗೊಂದಲ ಮಾಡ್ಕೋತಾನೆ, ಒಂದು ಸಲ ಹೇಳಿ. ಹೇಳ್ತೀನಿ. ಆದರೆ ನನಗೆ ಈ ಪಾಠ ನಿಜವಾಗಿ ಅರ್ಥ ಆಗಿದ್ದು ಪರೀಕ್ಷೆಗೆ ಓದುವಾಗ ಅಲ್ಲ, 2023ರ ಸೆಪ್ಟೆಂಬರಿನಲ್ಲಿ, ಇಲ್ಲೇ ಚೆನ್ನೈನಲ್ಲಿ.

ಆ ತಿಂಗಳು ನಿಮಗೂ ನೆನಪಿರುತ್ತೆ. ಮುಂಗಾರು ಕೈಕೊಟ್ಟಿತ್ತು. ಸೆಪ್ಟೆಂಬರ್ 13ಕ್ಕೆ ಕರ್ನಾಟಕ ಸರ್ಕಾರ 195 ತಾಲ್ಲೂಕುಗಳನ್ನ ಬರಪೀಡಿತ ಅಂತ ಘೋಷಿಸಿತು. ಇನ್ನೊಂದು ಕಡೆ ತಮಿಳುನಾಡಿಗೆ 15 ದಿನ, ದಿನಕ್ಕೆ 5,000 ಕ್ಯೂಸೆಕ್‌ನಂತೆ ನೀರು ಬಿಡಬೇಕು ಅಂತ ಆದೇಶ. 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್. ನನ್ನ ಅಕ್ಕನ ಮನೆ ಮದ್ದೂರಿನ ಕಡೆ. ನಾಲೆ ನೀರಿಲ್ಲದೆ ನಾಟಿ ಒಣಗ್ತಿದೆ ಅಂತ ಅವಳ ಫೋನು. ಆಫೀಸಿನಲ್ಲಿ ಪಕ್ಕದ ಸೀಟಿನ ಸಹೋದ್ಯೋಗಿ ತಿರುವಾರೂರು ಜಿಲ್ಲೆಯವರು. ಕುರುವೈ ಬೆಳೆ ಹೋಯ್ತು ಅಂತ ಅವರ ಅಪ್ಪನ ಫೋನು. ಐದು ವರ್ಷ ಒಟ್ಟಿಗೆ ಊಟ ಮಾಡಿದವರು ನಾವು. ಆ ಎರಡು ವಾರ ಮಳೆ ಬಗ್ಗೆ ಮಾತಾಡೋದಕ್ಕೂ ಹೆದರಿಕೊಂಡು ಮೊಸರನ್ನ ತಿಂದು ಎದ್ದು ಹೋಗ್ತಿದ್ವಿ. ಇವರಲ್ಲಿ ಯಾರು ಸುಳ್ಳು ಹೇಳ್ತಿದ್ದಾರೆ ಅನ್ನೋದು ನನ್ನ ತಲೆಯಲ್ಲಿದ್ದ ಪ್ರಶ್ನೆ. ಪ್ರಶ್ನೆಯೇ ತಪ್ಪು ಅಂತ ತೋರಿಸಿದ್ದು ಒಂದು ಗ್ರಾಫ್.

ಅಲ್ಲಿಗೆ ಹೋಗೋಕೆ ಮುಂಚೆ ಪಾಠ ಮುಗಿಸೋಣ. ಸಣ್ಣ ಲೆಕ್ಕದಿಂದ ಶುರು ಮಾಡೋಣ, ಅದೂ ನೀರಿನದೇ.

ಒಂದು ಅಪಾರ್ಟ್‌ಮೆಂಟ್, ಮೂರು ಷರತ್ತು

2019ರ ಬೇಸಿಗೆ ಇಲ್ಲಿದ್ದವರು ಮರೆಯೋಕೆ ಸಾಧ್ಯ ಇಲ್ಲ. ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ, ಈ ನಾಲ್ಕೂ ಕೆರೆ ಹೆಚ್ಚುಕಮ್ಮಿ ಬತ್ತಿಹೋದವು. ಓಎಂಆರ್ ಕಡೆ ಕೆಲವು ಕಂಪನಿಗಳು ನೀರಿಲ್ಲ, ಮನೆಯಿಂದಲೇ ಕೆಲಸ ಮಾಡಿ ಅಂದವು. ಜುಲೈ 12ಕ್ಕೆ ಜೋಲಾರ್‌ಪೇಟೆಯಿಂದ 25 ಲಕ್ಷ ಲೀಟರ್ ನೀರು ಹೊತ್ತು ರೈಲು ಬಂತು. ಆಗ ಪ್ರತಿ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲೂ ಒಂದೇ ಜಗಳ. ಆ ಜಗಳವನ್ನೇ ಲೆಕ್ಕ ಮಾಡೋಣ. ಅಂಕಿಗಳು ನಾನೇ ಹಾಕಿಕೊಂಡಿದ್ದು, ಭಾಗಾಕಾರ ಸುಲಭ ಆಗಲಿ ಅಂತ.

40 ಮನೆ. ಮನೆಗೆ ದಿನಕ್ಕೆ 600 ಲೀಟರ್ ಅಂದರೆ ಒಟ್ಟು 24 ಸಾವಿರ ಲೀಟರ್ ಬೇಕು. ನೀರು ಎರಡು ಕಡೆಯಿಂದ ಬರುತ್ತೆ: ಬೋರ್‌ವೆಲ್, ಟ್ಯಾಂಕರ್. ಪಠ್ಯಪುಸ್ತಕದ ಎಕ್ಸ್, ವೈ ಬದಲು ಬೋರ್‌ವೆಲ್ ನೀರಿಗೆ ಬ, ಟ್ಯಾಂಕರ್ ನೀರಿಗೆ ಟ ಅಂತ ಇಟ್ಟುಕೊಳ್ಳೋಣ. ಎರಡೂ ಸಾವಿರ ಲೀಟರ್ ಲೆಕ್ಕದಲ್ಲಿ.

ಮೊದಲನೇ ಷರತ್ತು, ನೀರು ಸಾಲಬೇಕು: ಬ + ಟ ≥ 24.

ಎರಡನೇದು, ಬೋರ್‌ವೆಲ್ ಕೊಡೋದೇ ಇಷ್ಟು: ಬ ≤ 10.

ಮೂರನೇದು, ದುಡ್ಡು. ಬೋರ್‌ವೆಲ್ ನೀರು ಎತ್ತಿ ಶುದ್ಧ ಮಾಡೋಕೆ ಸಾವಿರ ಲೀಟರಿಗೆ 30 ರೂಪಾಯಿ, ಟ್ಯಾಂಕರಿಗೆ 150 ರೂಪಾಯಿ, ಅಸೋಸಿಯೇಷನ್ ದಿನಕ್ಕೆ ಕೊಡಬಲ್ಲದ್ದು 3,000. ಅಂದರೆ 30ಬ + 150ಟ ≤ 3,000. ಎರಡೂ ಕಡೆ 30ರಿಂದ ಭಾಗಿಸಿದರೆ ಬ + 5ಟ ≤ 100.

ಬ, ಟ ಎರಡೂ ಸೊನ್ನೆಗಿಂತ ಕಡಿಮೆ ಆಗೋಹಾಗಿಲ್ಲ. ಇದನ್ನ ಹೇಳದೇ ಬಿಡ್ತೀವಿ, ಪರೀಕ್ಷೆಯಲ್ಲಿ ಮಾತ್ರ ಬರೆಯಲೇಬೇಕು.

ಈಗ ಹಾಳೆ ತಗೊಳ್ಳಿ. ಅಡ್ಡಗೆರೆ ಬ, ನಿಂತ ಗೆರೆ ಟ.

ಮೊದಲ ಹೆಜ್ಜೆ: ಅಸಮತೆಯ ಚಿಹ್ನೆ ತೆಗೆದು ಸಮ ಚಿಹ್ನೆ ಹಾಕಿ. ಬ + ಟ = 24. ಇದು ಒಂದು ಸರಳರೇಖೆ, ಎಳೆಯೋಕೆ ಎರಡು ಬಿಂದು ಸಾಕು. ಬ ಸೊನ್ನೆ ಆದರೆ ಟ 24, ಟ ಸೊನ್ನೆ ಆದರೆ ಬ 24. ಎರಡನ್ನೂ ಸೇರಿಸಿ. ಚಿಹ್ನೆಯಲ್ಲಿ ಸಮವೂ ಸೇರಿದ್ದರೆ, ಅಂದರೆ ≥ ಅಥವಾ ≤ ಇದ್ದರೆ, ಗೆರೆ ಪೂರ್ತಿ ಎಳೀಬೇಕು. ಬರೀ > ಅಥವಾ < ಇದ್ದರೆ ಚುಕ್ಕಿ ಗೆರೆ, ಯಾಕಂದ್ರೆ ಗೆರೆಯ ಮೇಲಿನ ಬಿಂದುಗಳು ಉತ್ತರಕ್ಕೆ ಸೇರೋದಿಲ್ಲ.

ಎರಡನೇ ಹೆಜ್ಜೆ: ಯಾವ ಕಡೆ? ಮಕ್ಕಳು ತಪ್ಪೋದು ಇಲ್ಲೇ. "≥ ಇದ್ದರೆ ಮೇಲೆ, ≤ ಇದ್ದರೆ ಕೆಳಗೆ" ಅಂತ ಬಾಯಿಪಾಠ ಮಾಡಿರ್ತಾರೆ. ಬ − ಟ ≥ 2 ಅಂತ ಬಂದ ಕೂಡಲೇ ಆ ಸೂತ್ರ ಕೈಕೊಡುತ್ತೆ, ಅಲ್ಲಿ ಉತ್ತರ ಇರೋದು ಗೆರೆಯ ಕೆಳಗೆ. ಬಾಯಿಪಾಠ ಬೇಡ, ಒಂದು ಬಿಂದು ಹಾಕಿ ಪರೀಕ್ಷೆ ಮಾಡಿ. ಮೂಲಬಿಂದು, ಅಂದರೆ ಎರಡೂ ಸೊನ್ನೆ, ಎಲ್ಲಕ್ಕಿಂತ ಸುಲಭ. 0 + 0 ≥ 24? ಸುಳ್ಳು. ಹಾಗಾದರೆ ಮೂಲಬಿಂದು ಇಲ್ಲದ ಕಡೆಯೇ ನಮ್ಮ ಕಡೆ. ಗೆರೆ ಮೂಲಬಿಂದುವಿನ ಮೇಲೇ ಹಾದು ಹೋದರೆ ಬೇರೆ ಯಾವುದಾದರೂ ಬಿಂದು ತಗೊಳ್ಳಿ.

ಒಂದೇ ಬಿಂದು ನೋಡಿ ಇಡೀ ಅರ್ಧ ಹಾಳೆಗೆ ತೀರ್ಪು ಕೊಡಬಹುದಾ? ಕೊಡಬಹುದು. ಬ + ಟ ಮೊತ್ತ 24 ಆಗೋದು ಗೆರೆಯ ಮೇಲೆ ಮಾತ್ರ. ಮೊತ್ತ 24ಕ್ಕಿಂತ ಕಡಿಮೆ ಇರೋ ಜಾಗದಿಂದ ಹೆಚ್ಚಿರೋ ಜಾಗಕ್ಕೆ ಹೋಗಬೇಕಾದರೆ 24 ದಾಟಲೇಬೇಕು, ಅಂದರೆ ಗೆರೆ ದಾಟಲೇಬೇಕು. ಗೆರೆ ದಾಟದೆ ಒಂದೇ ಕಡೆ ಎಷ್ಟು ಓಡಾಡಿದರೂ ಉತ್ತರ ಬದಲಾಗಲ್ಲ. ಈ ಒಂದು ಮಾತು ಮಗುವಿಗೆ ಹಿಡಿಸಿದರೆ ಮುಂದೆಂದೂ ಶೇಡ್ ತಪ್ಪಲ್ಲ.

ಮೂರನೇ ಹೆಜ್ಜೆ: ಉಳಿದ ಎರಡಕ್ಕೂ ಹೀಗೇ ಮಾಡಿ. ಬ = 10 ನೇರ ನಿಂತ ಗೆರೆ, ನಮಗೆ ಬೇಕಾದ್ದು ಅದರ ಎಡಗಡೆ. ಬ + 5ಟ = 100 ಗೆರೆಗೆ (0, 20) ಮತ್ತು (100, 0) ಬಿಂದುಗಳು. 0 + 0 ≤ 100 ನಿಜ, ಹಾಗಾಗಿ ಮೂಲಬಿಂದು ಇರೋ ಕಡೆ.

ಮೂರೂ ಶೇಡು ಒಟ್ಟಿಗೆ ಬಿದ್ದಿರೋ ಜಾಗವೇ ಉತ್ತರ. ಇಲ್ಲಿ ಅದೊಂದು ಸಣ್ಣ ತ್ರಿಕೋನ. ಮೂಲೆಗಳು ಬೇಕಾದರೆ ಎರಡೆರಡು ಗೆರೆಗಳ ಸಮೀಕರಣ ಬಿಡಿಸಿ. ಬ = 10 ಹಾಕಿದರೆ ಒಂದು ಗೆರೆಯಿಂದ ಟ = 14, ಇನ್ನೊಂದರಿಂದ ಟ = 18. ಮೂರನೇ ಮೂಲೆಗೆ ಬ + 5ಟ = 100ರಿಂದ ಬ + ಟ = 24 ಕಳೆಯಿರಿ: 4ಟ = 76, ಟ = 19, ಬ = 5. ಮೂಲೆಗಳು (10, 14), (10, 18), (5, 19). ಈ ತ್ರಿಕೋನದ ಒಳಗೆ, ಅಂಚಿನಲ್ಲಿ, ಎಲ್ಲಿ ನಿಂತರೂ ಮೂರೂ ಷರತ್ತು ನಡೆಯುತ್ತೆ. ಸಮೀಕರಣಕ್ಕೂ ಅಸಮತೆಗೂ ಇರೋ ವ್ಯತ್ಯಾಸ ಇದೇ: ಅಲ್ಲಿ ಉತ್ತರ ಒಂದು ಬಿಂದು, ಇಲ್ಲಿ ಉತ್ತರ ಒಂದು ಜಾಗ. ಚೌಕಾಸಿಗೆ ಅವಕಾಶ ಇರೋದು ಆ ಜಾಗದಲ್ಲಿ.

ಜಾಗ ಮಾಯವಾಗೋ ದಿನ

ಮೇ ತಿಂಗಳು ಬಂತು. ಬೋರ್‌ವೆಲ್ ಇಳೀತು. ಗ್ರಾಫಿನಲ್ಲಿ ಏನಾಗುತ್ತೆ? ಬ = 10 ಅನ್ನೋ ನಿಂತ ಗೆರೆ ಎಡಕ್ಕೆ ಸರಿಯುತ್ತೆ. 8, 7, 6. ತ್ರಿಕೋನ ಕುಗ್ಗುತ್ತಾ ಹೋಗುತ್ತೆ. ಸರಿಯಾಗಿ 5ಕ್ಕೆ ಬಂದಾಗ ಉಳಿಯೋದು (5, 19) ಒಂದೇ ಬಿಂದು. 4ಕ್ಕೆ ಬಂದರೆ? ಬ 4 ಇದ್ದಾಗ ನೀರು ಸಾಲಬೇಕಂದ್ರೆ ಟ ಕನಿಷ್ಠ 20 ಬೇಕು, ದುಡ್ಡು ಸಾಲಬೇಕಂದ್ರೆ ಟ ಗರಿಷ್ಠ 19.2. ಜಾಗ ಖಾಲಿ.

ಆ ದಿನದ ಅಸೋಸಿಯೇಷನ್ ಮೀಟಿಂಗ್ ಕಲ್ಪಿಸಿಕೊಳ್ಳಿ. ಮೂರನೇ ಮಹಡಿಯವರು "ಮನೆಗೆ 600 ಲೀಟರ್ ಬೇಕೇ ಬೇಕು" ಅಂತಾರೆ, ನಿಜ. ಖಜಾಂಚಿ "3,000ಕ್ಕಿಂತ ಹೆಚ್ಚು ಇಲ್ಲ" ಅಂತಾರೆ, ನಿಜ. ಪಂಪ್ ನೋಡ್ಕೊಳ್ಳೋರು "ಬೋರ್‌ವೆಲ್ ಇಷ್ಟೇ ಸಾರ್" ಅಂತಾರೆ, ಅದೂ ನಿಜ. ಮೂರು ನಿಜಗಳು ಒಟ್ಟಿಗೆ ನಿಲ್ಲೋಕೆ ಜಾಗ ಇಲ್ಲ, ಅಷ್ಟೇ. ಆದರೆ ಮೀಟಿಂಗಿನಲ್ಲಿ ಎಲ್ಲರೂ ಹುಡುಕೋದು ಕಳ್ಳನನ್ನ.

ಗ್ರಾಫ್ ಕೇಳೋದು ಬೇರೆ ಪ್ರಶ್ನೆ: ಯಾವ ಗೆರೆಯನ್ನ ಎಷ್ಟು ಸರಿಸಬಹುದು? ಬೋರ್‌ವೆಲ್ ಗೆರೆ ನಮ್ಮ ಕೈಯಲ್ಲಿಲ್ಲ. ದುಡ್ಡಿನ ಗೆರೆ ಸರಿಸಿದರೆ 4 ಬೋರ್‌ವೆಲ್, 20 ಟ್ಯಾಂಕರ್, ಒಟ್ಟು 3,120 ರೂಪಾಯಿ. 120 ರೂಪಾಯಿ, ಅಂದರೆ ಮನೆಗೆ ದಿನಕ್ಕೆ 3 ರೂಪಾಯಿ ಹೆಚ್ಚು. ಇಲ್ಲಾ ಬೇಡಿಕೆಯ ಗೆರೆ ಸರಿಸಿ, ಮನೆಗೆ 600ರ ಬದಲು 500 ಲೀಟರ್. ಆಗ ಬ + ಟ ≥ 20, ಬ 4 ಇದ್ದರೂ ಟ 16ರಿಂದ 19.2ರವರೆಗೆ ಜಾಗ ತೆರೆದುಕೊಳ್ಳುತ್ತೆ. ಜಗಳ ನಿಂತೇಬಿಡುತ್ತೆ ಅಂತಲ್ಲ. ಆದರೆ ಯಾವುದರ ಬಗ್ಗೆ ಜಗಳ ಅನ್ನೋದು ಗೊತ್ತಾಗುತ್ತೆ.

ಇದೇ ಗ್ರಾಫ್, ದೊಡ್ಡ ಹಾಳೆ

ಈಗ ಬಿಳಿಗುಂಡ್ಲುವಿಗೆ ಹೋಗೋಣ. ಕಾವೇರಿ ತಮಿಳುನಾಡಿಗೆ ಹೋಗೋ ಗಡಿಯಲ್ಲಿ ಕೇಂದ್ರ ಜಲ ಆಯೋಗದ ಅಳತೆ ಕೇಂದ್ರ ಇರೋದು ಅಲ್ಲಿ. ಎರಡು ರಾಜ್ಯದ ಲೆಕ್ಕ ನಡೆಯೋದೂ ಅಲ್ಲಿ ದಾಖಲಾದ ನೀರಿನ ಮೇಲೇ.

ಅಳತೆ ಟಿಎಂಸಿಯಲ್ಲಿ. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ, ಲೀಟರಿನಲ್ಲಿ ಸುಮಾರು 2,832 ಕೋಟಿ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ಟಿವಿಯವರು ಒಂದು ಸಲ ಕ್ಯೂಸೆಕ್, ಇನ್ನೊಂದು ಸಲ ಟಿಎಂಸಿ ಹೇಳಿ ಗೊಂದಲ ಮಾಡ್ತಾರೆ, ಆದರೆ ಗುಣಾಕಾರ ಸುಲಭ. ದಿನಕ್ಕೆ 86,400 ಸೆಕೆಂಡು. 5,000 ಕ್ಯೂಸೆಕ್ ಒಂದು ದಿನ ಹರಿದರೆ 0.432 ಟಿಎಂಸಿ, 15 ದಿನ ಹರಿದರೆ 6.48 ಟಿಎಂಸಿ. ಕೆಆರ್‌ಎಸ್ ತುಂಬಿದಾಗ ಇರೋದು 49.45 ಟಿಎಂಸಿ. ಕಬಿನಿ, ಹೇಮಾವತಿ, ಹಾರಂಗಿ ಸೇರಿಸಿದರೆ ನಾಲ್ಕೂ ಜಲಾಶಯಕ್ಕೆ ಸುಮಾರು 114.6. ಕೆಳಗೆ ಮೆಟ್ಟೂರಿಗೆ 93.47.

ನ್ಯಾಯಮಂಡಳಿ ರಚನೆಯಾದದ್ದು 1990ರಲ್ಲಿ, ಅದರ ಅಂತಿಮ ತೀರ್ಪು ಬಂದದ್ದು 2007ರ ಫೆಬ್ರವರಿ 5ಕ್ಕೆ. ಅದನ್ನ ತಿದ್ದಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು 2018ರ ಫೆಬ್ರವರಿ 16ರದು. ಸಾಮಾನ್ಯ ವರ್ಷಕ್ಕೆ ಇಡೀ ಕಣಿವೆಯಲ್ಲಿ 740 ಟಿಎಂಸಿ ಅಂತ ಲೆಕ್ಕ. ತಮಿಳುನಾಡಿಗೆ 404.25, ಕರ್ನಾಟಕಕ್ಕೆ 284.75, ಕೇರಳಕ್ಕೆ 30, ಪುದುಚೇರಿಗೆ 7, ಉಳಿದ 14 ಪರಿಸರಕ್ಕೂ ಸಮುದ್ರಕ್ಕೂ. ತಮಿಳುನಾಡಿನ 404.25 ಪೂರ್ತಿ ನಮ್ಮ ಕಡೆಯಿಂದ ಹೋಗೋದಲ್ಲ. ಅವರ ನೆಲದಲ್ಲೇ ಬೀಳೋ ಮಳೆಯೂ ಅದರಲ್ಲಿ ಸೇರಿದೆ. ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ ಹರಿಯಬೇಕಾದ್ದು 177.25. ಮೊದಲು ಇದು 192 ಇತ್ತು.

ಕರ್ನಾಟಕ ವರ್ಷದಲ್ಲಿ ಬಳಸೋ ನೀರು ಕ, ಬಿಳಿಗುಂಡ್ಲು ದಾಟಿ ತಮಿಳುನಾಡಿಗೆ ಹೋಗೋ ನೀರು ತ. ಕೇರಳದ ಪಾಲನ್ನ ಬದಿಗಿಟ್ಟು ಲೆಕ್ಕ ಸರಳ ಮಾಡ್ಕೊಳ್ಳೋಣ. ಮೇಲ್ಗಡೆ ಆ ವರ್ಷ ಸಿಕ್ಕ ಒಟ್ಟು ನೀರು ನ.

ಕ + ತ ≤ ನ. ಇದು ಪ್ರಕೃತಿಯ ಷರತ್ತು.

ತ ≥ 177.25. ಇದು ಕೋರ್ಟಿನ ಷರತ್ತು, ಪಕ್ಕದ ಸೀಟಿನವರ ಅಪ್ಪನ ಷರತ್ತೂ ಹೌದು.

ಕ ≤ 284.75. ಇದೂ ಕೋರ್ಟಿನದು.

ಕ ≥ ಇಷ್ಟು. ಕುಡಿಯೋ ನೀರು, ನೆಟ್ಟ ಬೆಳೆ, ಇವೆಲ್ಲಕ್ಕೆ ಕನಿಷ್ಠ ಬೇಕಾದ್ದು. ನಮ್ಮಕ್ಕನ ಷರತ್ತು. ಲೆಕ್ಕಕ್ಕೆ ಇದನ್ನ 200 ಅಂತ ಇಡ್ತೀನಿ. ಇದು ನಾನು ಇಟ್ಟ ಅಂಕಿ, ಯಾವ ಆದೇಶದಲ್ಲೂ ಇರೋದಲ್ಲ.

ಸಾಮಾನ್ಯ ವರ್ಷ ನ ಎಷ್ಟಿರಬೇಕು? 284.75 + 177.25 = 462. ಗ್ರಾಫ್ ಎಳೆದರೆ ಮತ್ತೆ ಒಂದು ತ್ರಿಕೋನ: (200, 177.25), (284.75, 177.25), (200, 262). ಎರಡನೇ ಮೂಲೆ ನೋಡಿ, ಮೂರು ಗೆರೆಗಳು ಅಲ್ಲಿ ಒಂದೇ ಬಿಂದುವಿನಲ್ಲಿ ಸೇರುತ್ತವೆ. ಇಬ್ಬರಿಗೂ ಪೂರ್ತಿ ಪಾಲು ಸಿಗೋದು ಆ ಒಂದೇ ಬಿಂದುವಿನಲ್ಲಿ, ಒಂದು ಹನಿಯೂ ಮಿಗದಂತೆ. 2022ರಂಥ ವರ್ಷದಲ್ಲಿ ನ ಗೆರೆ ದೂರ ಹೊರಗೆ ಹೋಗುತ್ತೆ. ಆ ಜಲವರ್ಷ ಬಿಳಿಗುಂಡ್ಲು ದಾಟಿದ್ದು 600 ಟಿಎಂಸಿಗೂ ಹೆಚ್ಚು. ಆ ವರ್ಷ ಯಾರೂ ಬಂದ್ ಮಾಡಲಿಲ್ಲ. ಮಳೆ ಕೊಟ್ಟ ಜಾಗ ಅದು.

ಮರುವರ್ಷವೇ 2023. ನ ಗೆರೆ ಮೂಲಬಿಂದುವಿನ ಕಡೆ ಸರಿಯಿತು. ಸರಿಯುವಾಗ ಅದರ ಓರೆ ಬದಲಾಗಲ್ಲ, ಸಮಾಂತರವಾಗಿ ಒಳಗೆ ಬರುತ್ತೆ, ತ್ರಿಕೋನ ಕುಗ್ಗುತ್ತೆ. ನಮ್ಮ ಅಂಕಿಗಳಲ್ಲಿ ನ 377.25ಕ್ಕೆ ಇಳಿದಾಗ ಒಂದೇ ಬಿಂದು. ನ 300 ಆದರೆ ಖಾಲಿ.

ಖಾಲಿ ಅನ್ನೋದಕ್ಕೆ ಚಿತ್ರವೂ ಬೇಡ. ಕ ≥ 200, ತ ≥ 177.25, ಇವೆರಡನ್ನ ಕೂಡಿಸಿ: ಕ + ತ ≥ 377.25. ಪ್ರಕೃತಿ ಹೇಳೋದು ಕ + ತ ≤ 300. ಎರಡೂ ಒಟ್ಟಿಗೆ ನಿಜ ಆಗೋಕೆ ಸಾಧ್ಯ ಇಲ್ಲ. ಯೂಲಾ ಫಾರ್ಕಶ್ ಅನ್ನೋ ಹಂಗೇರಿಯ ಗಣಿತಜ್ಞ 1902ರಲ್ಲಿ ಪ್ರಕಟಿಸಿದ ಪ್ರಮೇಯ ಇಲ್ಲಿಗೆ ಬರುತ್ತೆ: ಇಂಥ ಅಸಮತೆಗಳ ಗುಂಪಿಗೆ ಉತ್ತರ ಇಲ್ಲ ಅಂದರೆ, ಅವುಗಳನ್ನ ತಕ್ಕ ಧನಸಂಖ್ಯೆಗಳಿಂದ ಗುಣಿಸಿ ಕೂಡಿಸಿದರೆ ಹೀಗೆ ಒಂದು ನೇರ ವಿರೋಧ ಸಿಕ್ಕೇ ಸಿಗುತ್ತೆ. ಷರತ್ತುಗಳು ಸಾವಿರ ಇದ್ದರೂ ಅಷ್ಟೇ. ಅಂದರೆ "ಸಾಧ್ಯವಿಲ್ಲ" ಅನ್ನೋದು ನೆಪ ಅಲ್ಲ, ಸಾಬೀತು ಮಾಡಬಹುದಾದ ಮಾತು. ಬರೀ ನೆಪ ಆಗಿದ್ದರೆ ಅದೂ ಗೊತ್ತಾಗುತ್ತೆ.

ಯಾರ ಗೆರೆ, ಎಷ್ಟು

ಕೊರತೆ 77.25. ಇದನ್ನ ಯಾರಾದರೂ ಹೊರಲೇಬೇಕು. ಕರ್ನಾಟಕದ ಗೆರೆ ಅಲುಗಬಾರದು ಅಂದರೆ ತ 100ಕ್ಕೆ ಇಳಿಯುತ್ತೆ. ತಮಿಳುನಾಡಿನ ಗೆರೆ ಅಲುಗಬಾರದು ಅಂದರೆ ಕ 122.75ಕ್ಕೆ ಇಳಿಯುತ್ತೆ. ಟಿವಿ ಚರ್ಚೆಯಲ್ಲಿ ಕೇಳೋದು ಈ ಎರಡೇ ತುದಿ.

ನ್ಯಾಯಮಂಡಳಿಯ ತೀರ್ಪು ಹೇಳಿರೋದು ಮೂರನೇದು. ಸಂಕಷ್ಟದ ವರ್ಷದಲ್ಲಿ ರಾಜ್ಯಗಳ ಪಾಲು ಅನುಪಾತದಲ್ಲಿ ಕಡಿಮೆ ಆಗಬೇಕು ಅಂತ. ಗ್ರಾಫಿನಲ್ಲಿ ಇದು ನೋಡೋಕೆ ಚೆಂದ. ಮೂಲಬಿಂದುವಿನಿಂದ ಸಾಮಾನ್ಯ ವರ್ಷದ ಬಿಂದು (284.75, 177.25)ಕ್ಕೆ ಒಂದು ಗೆರೆ ಎಳೆಯಿರಿ. ಮಳೆ ಕಡಿಮೆ ಆದಷ್ಟೂ ಉತ್ತರ ಆ ಗೆರೆಯ ಮೇಲೇ ಹಿಂದಕ್ಕೆ ಜಾರಬೇಕು. ನ 300 ಆದರೆ ಕ = 184.9, ತ = 115.1. ಪೂರ್ತಿ ಪಾಲಿಗೆ ಹೋಲಿಸಿದರೆ ಇಬ್ಬರಿಗೂ ನೂರಕ್ಕೆ 35ರಷ್ಟು ಕಡಿಮೆ. ಕರ್ನಾಟಕದವರು ನೋಡೋದು 99.85 ಕಳೆದುಕೊಂಡದ್ದನ್ನ, ತಮಿಳುನಾಡಿನವರು ನೋಡೋದು 62.15 ಕಳೆದುಕೊಂಡದ್ದನ್ನ. ಬಿಂದು ಒಂದೇ.

ಇಷ್ಟು ಸ್ಪಷ್ಟ ಇದ್ದರೆ ಜಗಳ ಯಾಕೆ? ಎರಡು ಕಾರಣ, ಎರಡೂ ಗ್ರಾಫಿನಲ್ಲೇ ಕಾಣುತ್ತೆ.

ಮೊದಲನೇದು, ನ ಗೆರೆ ಎಲ್ಲಿದೆ ಅಂತ ಸೆಪ್ಟೆಂಬರಿನಲ್ಲಿ ಯಾರಿಗೂ ಗೊತ್ತಿರಲ್ಲ. ವರ್ಷ ಮುಗಿದ ಮೇಲೆ ಗೊತ್ತಾಗೋ ಸಂಖ್ಯೆ ಅದು, ಆದರೆ ನೀರು ಬಿಡಬೇಕಾದ್ದು ಈಗ. ತಿಂಗಳವಾರು ಪಟ್ಟಿ ನೋಡಿ: ಜೂನಿಗೆ 9.19, ಜುಲೈಗೆ 31.24, ಆಗಸ್ಟಿಗೆ 45.95, ಸೆಪ್ಟೆಂಬರಿಗೆ 36.76. ಕೂಡಿಸಿದರೆ 123.14, ಅಂದರೆ ವರ್ಷದ 177.25ರಲ್ಲಿ ನೂರಕ್ಕೆ 69ಕ್ಕೂ ಹೆಚ್ಚು ಮೊದಲ ನಾಲ್ಕು ತಿಂಗಳಲ್ಲೇ. ಮಂಡ್ಯದ ನಾಟಿ, ತಂಜಾವೂರಿನ ಕುರುವೈ, ಎರಡೂ ಅದೇ ವಾರಗಳಲ್ಲಿ ನೀರು ಕೇಳುತ್ತವೆ. ಮುಂದೆ ಮಳೆ ಬರುತ್ತೆ ಅಂತ ನಂಬಿದವರು ಗೆರೆಯನ್ನ ಹೊರಗೆ ಎಳೀತಾರೆ, ಬರಲ್ಲ ಅಂತ ಹೆದರಿದವರು ಒಳಗೆ ಎಳೀತಾರೆ. ತಮಿಳುನಾಡಿಗೆ ಅಕ್ಟೋಬರ್‌ನಿಂದ ಹಿಂಗಾರು ಇದೆಯಲ್ಲ ಅಂತ ನಾವು ಹೇಳ್ತೀವಿ. ಕುರುವೈ ಕೊಯ್ಲು ಅದಕ್ಕೆ ಕಾಯಲ್ಲ ಅಂತ ಅವರು ಹೇಳ್ತಾರೆ. ಎರಡೂ ನಿಜ.

ಎರಡನೇದು, ಎಲ್ಲಾ ಲೀಟರೂ ಒಂದೇ ಅಲ್ಲ. ಬೆಳೆಯ ಗೆರೆ ಕಷ್ಟಪಟ್ಟು ಸರಿಸಬಹುದು, ಪರಿಹಾರ ಕೊಡಬಹುದು, ರಾಗಿ ಹಾಕಬಹುದು. ಕುಡಿಯೋ ನೀರಿನ ಗೆರೆ ಸರಿಸೋಕಾಗಲ್ಲ. ನಮ್ಮ ಕೆಲಸದ ಭಾಷೆಯಲ್ಲಿ ಒಂದು ಸಾಫ್ಟ್ ಕನ್‌ಸ್ಟ್ರೇಂಟ್, ಇನ್ನೊಂದು ಹಾರ್ಡ್. 2018ರ ತೀರ್ಪಿನಲ್ಲಿ ಬೆಂಗಳೂರಿನ ಕುಡಿಯೋ ನೀರಿಗೆ ಅಂತಲೇ 4.75 ಟಿಎಂಸಿ ಹೆಚ್ಚು ಸಿಕ್ಕಿದ್ದು ಇದೇ ಯೋಚನೆಯಿಂದ. ಇದನ್ನ ಗ್ರಾಫಿನಲ್ಲಿ ಹಾಕಬೇಕಾದರೆ ಅನುಪಾತದ ಗೆರೆಯನ್ನ ಮೂಲಬಿಂದುವಿನಿಂದ ಶುರು ಮಾಡಬಾರದು. ಇಬ್ಬರ ಕುಡಿಯೋ ನೀರನ್ನೂ ಮೊದಲು ಪಕ್ಕಕ್ಕಿಟ್ಟು, ಆ ಬಿಂದುವಿನಿಂದ ಶುರು ಮಾಡಬೇಕು. ಗೆರೆಯ ತುದಿ ಸ್ವಲ್ಪ ಜರುಗಿಸಿದರೆ ಬರಗಾಲದ ಉತ್ತರವೂ ಜರುಗುತ್ತೆ. ನಿಜವಾದ ಚರ್ಚೆ ಆಗಬೇಕಾದ್ದು ಆ ತುದಿಯ ಬಗ್ಗೆ.

ಕುಡಿಯೋ ನೀರು ಎಷ್ಟು ದೊಡ್ಡದು? ಬೆಂಗಳೂರಿನ ಕಾವೇರಿ ಐದನೇ ಹಂತ, 2024ರ ಅಕ್ಟೋಬರಿನಲ್ಲಿ ಶುರುವಾದದ್ದು, ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ. ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 10 ಟಿಎಂಸಿ. ನಮ್ಮ ಚೆನ್ನೈಗೆ ವೀರಾಣಂ ಕೆರೆಯಿಂದ ದಿನಕ್ಕೆ 18 ಕೋಟಿ ಲೀಟರ್ ತರೋ ಯೋಜನೆ ಇದೆ, ವರ್ಷಕ್ಕೆ ಸುಮಾರು 2.3 ಟಿಎಂಸಿ. 200 ಕಿಲೋಮೀಟರಿಗೂ ಹೆಚ್ಚು ದೂರದ ಕಡಲೂರು ಜಿಲ್ಲೆಯ ಕೆರೆ ಅದು. ಚೋಳರ ಕಾಲದ್ದು. ಅದಕ್ಕೆ ನೀರು ಬರೋದು ಕೊಳ್ಳಿಡಂನಿಂದ, ಕೊಳ್ಳಿಡಂ ಕಾವೇರಿಯ ಕವಲು. ಜೋಲಾರ್‌ಪೇಟೆಯಿಂದ ರೈಲಿನಲ್ಲಿ ಬಂದದ್ದೂ ಕಾವೇರಿ ನೀರೇ.

ಇದು ನನಗೆ ಮೊದಲು ಹೊಳೆದಿರಲೇ ಇಲ್ಲ. ಊರಿಗೆ ಫೋನ್ ಮಾಡಿ "ಒಂದು ಹನಿ ಬಿಡಬಾರದು" ಅಂತ ಆವೇಶದಲ್ಲಿ ಹೇಳಿ, ಫೋನಿಟ್ಟು ನಲ್ಲಿ ತಿರುಗಿಸಿ ಕುಡೀತಿದ್ದ ನೀರಿನಲ್ಲಿ ಕೊಡಗಿನ ಮಳೆಯ ಪಾಲೂ ಇತ್ತು. ಚೆನ್ನೈನಲ್ಲಿ ಬಾಡಿಗೆ ಕಟ್ಟೋ ಕನ್ನಡಿಗರು ನಾವು ಈ ಗ್ರಾಫಿನ ಎರಡೂ ಅಕ್ಷದ ಮೇಲೆ ನಿಂತಿದ್ದೀವಿ.

ಬೋರ್ಡಿನ ಮುಂದೆ ನಡೆದದ್ದು

ಬಂದ್ ಮುಗಿದ ವಾರ, ಮೀಟಿಂಗ್ ರೂಮ್ ಖಾಲಿ ಇದ್ದಾಗ, ಆ ಸಹೋದ್ಯೋಗಿಯನ್ನ ಕರೆದು ಬೋರ್ಡಿನ ಮೇಲೆ ಈ ಗೆರೆಗಳನ್ನ ಎಳೆದೆ. ಕನಿಷ್ಠ 200 ಅನ್ನೋ ನನ್ನ ಗೆರೆ ನೋಡಿ ಅವರು ಮೊದಲು ಕೇಳಿದ್ದು, "ಇದರಲ್ಲಿ ಕಬ್ಬು ಎಷ್ಟು?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಕೇಳಿದೆ, "ನಿಮ್ಮ 177ರಲ್ಲಿ ಮೂರನೇ ಬೆಳೆ ಎಷ್ಟು?" ಅವರ ಹತ್ತಿರವೂ ಇರಲಿಲ್ಲ. ಅರ್ಧ ಗಂಟೆ ನಿಂತು ಮಾತಾಡಿದ್ವಿ. ಒಪ್ಪಂದ ಏನೂ ಆಗಲಿಲ್ಲ, ಆಗೋಕೆ ನಾವ್ಯಾರು. ಆದರೆ ಯಾವ ಎರಡು ಅಂಕಿಗಳ ಮೇಲೆ ನಮಗೆ ಭಿನ್ನಾಭಿಪ್ರಾಯ ಅನ್ನೋದು ಇಬ್ಬರಿಗೂ ಗೊತ್ತಾಯ್ತು. ಮಾರನೇ ದಿನ ಊಟದ ಟೇಬಲ್ಲಿನಲ್ಲಿ ಮಳೆ ಬಗ್ಗೆ ಮಾತಾಡೋಕೆ ಹೆದರಿಕೆ ಆಗಲಿಲ್ಲ.

ಈ ಗ್ರಾಫಿಗೆ ಮಿತಿ ಇದೆ. ಎರಡೇ ಚಲಾಕ್ಷರ, ಎರಡೇ ರಾಜ್ಯ, ಇಡೀ ವರ್ಷಕ್ಕೆ ಒಂದೇ ಸಂಖ್ಯೆ. ನಿಜವಾದ ಲೆಕ್ಕದಲ್ಲಿ ಹತ್ತು ದಿನಕ್ಕೊಮ್ಮೆ, ಜಲಾಶಯಕ್ಕೊಂದು, ನಾಲೆಗೊಂದು ಚಲಾಕ್ಷರ ಬೇಕು, ಹಾಳೆಯ ಮೇಲೆ ಎಳೆಯೋಕಾಗಲ್ಲ. ಅದಕ್ಕೇ 1947ರಲ್ಲಿ ಜಾರ್ಜ್ ಡ್ಯಾಂಟ್ಜಿಗ್ ಕಟ್ಟಿದ ಸಿಂಪ್ಲೆಕ್ಸ್ ವಿಧಾನ, 1984ರಲ್ಲಿ ನಮ್ಮ ದೇಶದವರೇ ಆದ ನರೇಂದ್ರ ಕರ್ಮಾರ್ಕರ್ ಪ್ರಕಟಿಸಿದ ವಿಧಾನ, ಇವೆಲ್ಲಾ ಇರೋದು. ಆದರೆ ಒಳಗಿನ ಯೋಚನೆ ನಿಮ್ಮ ಮಗನ ನೋಟ್‌ಬುಕ್ಕಿನದೇ: ಪ್ರತಿ ಷರತ್ತಿಗೂ ಒಂದು ಗೆರೆ, ಪ್ರತಿ ಗೆರೆಗೂ ಒಂದು ಕಡೆ, ಎಲ್ಲಾ ಕಡೆ ಸೇರೋ ಜಾಗ.

ಮಕ್ಕಳಿಗೆ ಒಂದು ಮನೆಗೆಲಸ. ನ 280 ಅಂತ ಇಟ್ಟು ಗ್ರಾಫ್ ಎಳೆಯಿರಿ, ಜಾಗ ಖಾಲಿ ಅಂತ ಕೂಡಿಸಿ ತೋರಿಸಿ, ಅನುಪಾತದ ಬಿಂದು ಹುಡುಕಿ. ಕ ಸುಮಾರು 172.6, ತ ಸುಮಾರು 107.4 ಬಂದರೆ ಸರಿ. ಕೈಯಲ್ಲಿ ಎಳೆದ ಮೇಲೆ ಜಿಯೋಜೀಬ್ರಾದಲ್ಲಿ ಹಾಕಿ ನೋಡಿ, ನ ಗೆರೆಗೆ ಒಂದು ಸ್ಲೈಡರ್ ಕೊಟ್ಟು ಹಿಂದೆ ಮುಂದೆ ಸರಿಸಿ. ತ್ರಿಕೋನ ಕುಗ್ಗಿ ಮಾಯವಾಗೋದನ್ನ ಕಣ್ಣಾರೆ ನೋಡಿದ ಮಗು, ಮುಂದಿನ ಬರದ ವರ್ಷ ಟಿವಿ ನೋಡುವಾಗ ಬೇರೆ ಪ್ರಶ್ನೆ ಕೇಳುತ್ತೆ.

ಮುಂದಿನ ವಾರ ಇದೇ ತ್ರಿಕೋನದ ಮೂಲೆಗಳಲ್ಲೇ ಯಾಕೆ ಅತಿ ಹೆಚ್ಚು, ಅತಿ ಕಡಿಮೆ ಬೆಲೆ ಸಿಗುತ್ತೆ ಅಂತ ನೋಡೋಣ.